ನಮ್ಮ ಸಾಹೇಬರು ಅಂಕಿಗಳಿಗೆ ಹೆಸರಿಟ್ಟರು

ಕಂಪ್ಯೂಟರ್ ಇರುವ ಆಫೀಸು, ಅದನ್ನು ಕಣ್ಣುಮುಚ್ಚಿ ನಂಬುವ ಸಾಹೇಬರು, ಇವೆರಡೂ ಒಂದೇ ಕಡೆ ಸೇರಿದರೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ನಾನು ನಮ್ಮ ರಾಜ್ಯದ ಗಡಿಯಾಚೆ, ವೆರ್ಣಾದ ಒಂದು ಪ್ಲಾಸ್ಟಿಕ್ ಡಬ್ಬಿ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತೆ. ಪಾಳಿ ಯಾವಾಗ ಬಿಡುತ್ತದೆ, ಬಸ್ಸು ಎಷ್ಟು ಬೇಕು, ಊಟಕ್ಕೆ ಎಷ್ಟು ಹೊತ್ತು, ಎಲ್ಲ ಚಾರ್ಟೂ ನನ್ನ ಕಂಪ್ಯೂಟರ್ ಶೀಟಿನಿಂದಲೇ ಹೊರಬೀಳಬೇಕು. ಹಾಗಾಗಿ ನಗುವ ಸರದಿಯೂ ಮೊದಲು ನನ್ನದೇ, ಬೈಸಿಕೊಳ್ಳುವ ಸರದಿಯೂ ನನ್ನದೇ.

೧. ನಾಮಕರಣ

ಒಂದು ದಿನ ತರಬೇತಿ ಕೊಡಲು ಯಾರೋ ಬಂದರು. "ಫಾರ್ಮುಲಾದಲ್ಲಿ ಬರೀ ಅಂಕಿ ಬರೆಯಬೇಡಿ. ಅಂಕಿಯನ್ನು ಶೀಟಿನ ಒಂದು ಸೆಲ್‌ನಲ್ಲಿ ಕೂರಿಸಿ ಅದಕ್ಕೊಂದು ಹೆಸರಿಡಿ. ಊಟಕ್ಕೆ ಮೂವತ್ತು ನಿಮಿಷ ಎನ್ನುವ ಕಡೆಯೆಲ್ಲ 'ಲಂಚ್' ಅಂತ ಬರೆಯಿರಿ. ನಾಳೆ ಒಂದೇ ಕಡೆ ಬದಲಿಸಿದರೆ ಎಲ್ಲ ಕಡೆಯೂ ತಾನೇ ಬದಲಾಗುತ್ತದೆ" ಎಂದರು. ಒಳ್ಳೆಯ ಮಾತೇ. ಆದರೆ ನಮ್ಮ ಸಾಹೇಬರ ಕಿವಿಗೆ ಬಿದ್ದದ್ದು ಅದರ ಕೊನೆಯ ತುಂಡು ಮಾತ್ರ. ಒಂದು ಕಡೆ ಬದಲಿಸಿದರೆ ಸಾಕು, ಲೋಕವೇ ಬದಲಾಗುತ್ತದೆ ಎಂದು ತಿಳಿದುಕೊಂಡರು.

ಮರುದಿನವೇ ಮೀಟಿಂಗು. ಎಲ್ಲ ಅಂಕಿಗಳಿಗೂ ಹೆಸರು ಬಂತು. ದಿನವೂ ಕೆಟ್ಟುಹೋಗುವ ಡಬ್ಬಿಗಳ ಅಂಕಿಗೆ ಬಂದಾಗ ಗಾಡಿ ನಿಂತಿತು. ಅದಕ್ಕೆ 'ಪ್ರೊಡಕ್ಷನ್' ಅಂತ ಹೆಸರಿಡಬೇಕೆಂದು ಕ್ವಾಲಿಟಿಯವರ ಹಟ, 'ಕ್ವಾಲಿಟಿ' ಅಂತಲೇ ಇಡಬೇಕೆಂದು ಪ್ರೊಡಕ್ಷನ್‌ನವರ ಹಟ. ಚಹಾ ಎರಡು ಸಲ ಬಂದು ಹೋಯಿತು. ಇಬ್ಬರೂ ಮೇಜು ಗುದ್ದಿದರು. ಕೊನೆಗೆ ಯಾರ ಮನಸ್ಸೂ ನೋಯದ ಹಾಗೆ ಅದಕ್ಕೆ 'ರಾತ್ರಿಪಾಳಿ' ಎಂದು ಹೆಸರಿಟ್ಟರು, ಏಕೆಂದರೆ ಆ ಪಾಳಿಯವರು ಯಾರೂ ಮೀಟಿಂಗಿನಲ್ಲಿ ಇರಲಿಲ್ಲ.

೨. ಹತ್ತು ಸೀಟು

ಮುಂದಿನ ವಾರ ಸಾಹೇಬರ ಕಣ್ಣು 'ಸೀಟು' ಎಂಬ ಹೆಸರಿನ ಮೇಲೆ ಬಿತ್ತು. ಒಂದು ಬಸ್ಸಿಗೆ ನಲವತ್ತು ಸೀಟು ಎಂದಿತ್ತು. ಅದನ್ನು ಅಳಿಸಿ ಐವತ್ತು ಮಾಡಿದರು. ಸಾಂಕೋಲೆಯ ಕಡೆ ಹೋಗುವ ಬಸ್ಸುಗಳಲ್ಲಿ ಒಂದು ಕಣ್ಣೆದುರಿಗೇ ಶೀಟಿನಿಂದ ಮಾಯವಾಯಿತು. "ನೋಡಿದೆಯಾ? ಒಂದು ರೂಪಾಯಿ ಖರ್ಚಿಲ್ಲ!" ಎಂದು ನನ್ನ ಕಡೆ ನೋಡಿ ಹಿಗ್ಗಿದರು.

ಮರುದಿನದಿಂದ ಎಂಟು ತಾಸು ನಿಂತು ದುಡಿದವರು ಬಸ್ಸಿನಲ್ಲೂ ನಿಂತೇ ಮನೆ ಸೇರಿದರು. ಸಾಹೇಬರದು ಎಸಿ ಕಾರು, ಅದರ ಸೀಟು ಶೀಟಿನಲ್ಲಿ ಇರಲೇ ಇಲ್ಲ. ನನಗೆ ಒಳಗೊಳಗೇ ಸಿಟ್ಟು. ಬಸ್ಸಿನ ಡ್ರೈವರ್ ಚಾಚಾ ಹುಬ್ಬಳ್ಳಿ ಕಡೆಯವನು, ಅವನಿಗೆ ಸಿಟ್ಟು ಬರುವುದೇ ಇಲ್ಲ. ನನ್ನ ಕಿಟಕಿಗೆ ಬಂದು ಭಾಳ ವಿನಯದಿಂದ ಕೇಳಿದ:

"ಮೇಡಂ, ಹತ್ತು ಸೀಟು ಹೆಚ್ಚ ಮಾಡೀರಂತಲ್ರಿ. ಗಾಡಿ ಗ್ಯಾರೇಜಿಗೆ ಒಯ್ಯಬೇಕೋ, ಇಲ್ಲಾ ಇಲ್ಲೇ ಕಂಪ್ಯೂಟರ್ ಬಾಜೂಕ ತಂದು ಹಚ್ಚಲೋ?"

೩. ಲಂಚ್

ಬಸ್ಸಿನ ಮೇಲೆ ಕೈಯಾಡಿಸಿದ ಸಾಹೇಬರು ಊಟಕ್ಕೆ ಕೈಹಾಕದೆ ಬಿಡುತ್ತಾರೆಯೇ? "ಲಂಚ್ ಮೂವತ್ತು ತೆಗೆದು ಇಪ್ಪತ್ತು ಮಾಡು" ಎಂದರು.

ಈ ಸುದ್ದಿ ಕೇಳಿ ಪ್ಯಾಕಿಂಗ್ ಲೈನಿನ ಅಕ್ಕ ಓಡಿಬಂದಳು. ಬಾದಾಮಿ ಕಡೆಯವಳು, ಡಬ್ಬಿಗೆ ಮುಚ್ಚಳ ಹಾಕುತ್ತ ವರ್ಷಗಳೇ ಕಳೆದಿವೆ. "ಕ್ಯಾಂಟೀನ್ ಆ ತುದೀಗೆ ಐತಿ ತಂಗಿ. ಸಾಲಿನಾಗ ನಿಂತು ತಾಟ ಹಿಡಿಯೂದರಾಗ ಅರ್ಧ ಹೊತ್ತು ಹೋಗ್ತೈತಿ. ನನಗ ಸಕ್ಕರಿ ಬ್ಯಾನಿ. ಗುಳಿಗಿ ತಗೊಂಡು ಉಣಲಿಲ್ಲಂದ್ರ ಮಷಿನ್ ಮುಂದನ ಬೀಳ್ತೇನಿ."

ನಾನು ಸಾಹೇಬರಿಗೆ ಹೇಳಿದೆ, "ಸರ್, ಆ ಹೆಸರು ಬೇರೆ ಫಾರ್ಮುಲಾಗಳಲ್ಲೂ ಇದೆ." "ಹೇಳಿದಷ್ಟು ಮಾಡು" ಎಂದರು. ಮಾಡಿದೆ. ಹೊಸ ಚಾರ್ಟಿಗೆ ಓದದೆ ಸಹಿ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಲು ಹೇಳಿದರು.

ಪಾಳಿ ಬಿಡುವ ಹೊತ್ತಿನ ಫಾರ್ಮುಲಾ ಭಾಳ ಸರಳ: ಶುರುವಾದ ಹೊತ್ತು, ಎಂಟು ತಾಸಿನ ಕೆಲಸ, ಅದಕ್ಕೆ ಲಂಚ್ ಕೂಡಿಸು. ಲಂಚ್ ಹತ್ತು ನಿಮಿಷ ಕಡಿಮೆಯಾದರೆ ಪಾಳಿಯೂ ಹತ್ತು ನಿಮಿಷ ಮೊದಲೇ ಮುಗಿಯಬೇಕು. ಶೀಟಿಗೆ ಸಾಹೇಬರ ಒಳಮನಸ್ಸು ಗೊತ್ತಾಗುವುದಾದರೂ ಹೇಗೆ? ಮರುದಿನ ವಾಚ್‌ಮನ್ ಚಾರ್ಟು ನೋಡಿ ಸೈರನ್ ಕೊಟ್ಟ. ಎಲ್ಲರೂ ಕೈ ಒರೆಸಿಕೊಂಡು ಬಸ್ಸು ಹತ್ತಿದರು. ಮುಂದಿನ ಪಾಳಿಯವರು ಇನ್ನೂ ಬಂದಿರಲಿಲ್ಲ. ಮಷಿನ್‌ಗಳು ಯಾರೂ ಇಲ್ಲದೆ ಡಬ್ಬಿಗಳನ್ನು ನೆಲಕ್ಕೆ ಉದುರಿಸುತ್ತಿದ್ದವು.

ಸಾಹೇಬರು ಗೇಟಿಗೆ ಓಡಿ ಬಸ್ಸಿಗೆ ಅಡ್ಡ ನಿಂತರು. ಸಾಹೇಬರದೇ ಸಹಿಯ ಚಾರ್ಟಿನ ಪ್ರತಿಯನ್ನು ಚಾಚಾ ಗಾಜಿಗೆ ಒತ್ತಿ ಹಿಡಿದ. ಸಾಹೇಬರು ಹಲ್ಲು ಕಡಿಯುತ್ತ ನನ್ನ ಮೇಜಿಗೆ ಬಂದರು. ಎಲ್ಲರ ಪರವಾಗಿ ಕೇಳಲು ಅಕ್ಕನೂ ಬಸ್ಸಿನಿಂದ ಇಳಿದು ಹಿಂದೆಯೇ ಬಂದಳು.

"ಊಟ ಇಪ್ಪತ್ತೇ ಇರಲಿ. ಬಿಡುವ ಹೊತ್ತು ಮಾತ್ರ ಮೊದಲಿನಂತೆ ಮಾಡು!" ಎಂದು ಸಾಹೇಬರು ಗುಡುಗಿದರು.

"ಹಾಗಾದರೆ ಎಂಟು ತಾಸಿನ ಮೇಲೆ ಹತ್ತು ನಿಮಿಷ ಕೆಲಸ ಹೆಚ್ಚಾಗುತ್ತದೆ ಸರ್. ಫಾರ್ಮುಲಾದಲ್ಲಿ ಅದಕ್ಕೂ ಒಂದು ಹೆಸರು ಬೇಕು. ಏನಿಡಲಿ?"

"ಓವರ್‌ಟೈಮ್" ಎಂದವರೇ ನಾಲಿಗೆ ಕಚ್ಚಿಕೊಂಡರು. "ಬೇಡ, ಬೇಡ, ಅದಕ್ಕೆ ದುಡ್ಡು ಕೊಡಬೇಕಾಗುತ್ತದೆ. ತರಬೇತಿ ಅಂತ ಹಾಕು."

"ಮುಚ್ಚಳ ಹಾಕುವುದಕ್ಕೆ ಇನ್ನೇನು ತರಬೇತಿ ಸರ್?"

"ಹಾಗಾದರೆ ಸೇವೆ."

"ಯಾರ ಸೇವೆ ಸರ್?"

ಸಾಹೇಬರು ತಲೆ ಕೆರೆದುಕೊಂಡು ಕೂತರು. ಹಿಂದಿಯಲ್ಲಿ ನಡೆದ ಈ ಮಾತನ್ನೆಲ್ಲ ನಾನು ಅಕ್ಕನಿಗೆ ಕನ್ನಡದಲ್ಲಿ ತಿಳಿಸಿದೆ. ಅವಳು ಸೆರಗು ಸರಿಮಾಡಿಕೊಂಡು ಅಂದಳು:

"ಇದಕ್ಯಾಕ ಇಷ್ಟ ವಿಚಾರ ತಂಗಿ? ತುಡುಗು ಅಂತ ಇಡು. ಸಣ್ಣ ಹೆಸರು, ಬರಿಯಾಕೂ ಸರಳ."

ತುಡುಗು ಎಂದರೆ ನಮ್ಮ ಕಡೆ ಕಳ್ಳತನ. ಸಾಹೇಬರಿಗೆ ಕನ್ನಡ ಬಾರದು. "ಏನಂದಳು?" ಎಂದು ಕೇಳಿದರು.

ನಾನು ನಗು ನುಂಗಿಕೊಂಡೆ. "ಲಂಚ್ ಮೂವತ್ತೇ ಇಟ್ಟರೆ ಬೇರೆ ಯಾವ ಹೆಸರೂ ಬೇಕಾಗುವುದಿಲ್ಲ ಅಂತಿದ್ದಾಳೆ ಸರ್."

ಸಾಹೇಬರ ಮುಖ ಅರಳಿತು. ತಾವೇ ಕೀಬೋರ್ಡು ಎಳೆದುಕೊಂಡು ಮೂವತ್ತು ಒತ್ತಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಎರಡೂ ಕೈ ಜೋಡಿಸಿ ಹೇಳಿದರು:

"ಶಾಬಾಶ್ ತಾಯಿ! ನನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳಿಬಿಟ್ಟೆ!"