‘ಮನಸ್ಸಲ್ಲಿ ಹನ್ನೆರಡು, ಕೈಯಲ್ಲಿ ಎಂಟು’ ಎಂಬ ದುಶ್ಚಟದ ಬಗ್ಗೆ

ಸಂಖ್ಯೆ: ಸೇನೇ/ಲೆಕ್ಕ/೧೨+೮/ಗೋಪ್ಯ

ವಿಷಯ: ಸೇನಾ ನೇಮಕಾತಿ ಹಾಗೂ ಸೇವೆಯಲ್ಲಿ ಬಾಯಿಲೆಕ್ಕವನ್ನು ನಿಷೇಧಿಸಿ ಕ್ಯಾಲ್ಕುಲೇಟರ್ ಬಳಕೆಯನ್ನು ಕಡ್ಡಾಯಗೊಳಿಸುವ ಕುರಿತು.

ಉಲ್ಲೇಖ: ಅಭ್ಯರ್ಥಿ ಸಂಖ್ಯೆ ೪೭, ದರ್ಜಿಯ ಮಗಳು, ಇವರ ಉತ್ತರ ಪತ್ರಿಕೆ ಮತ್ತು ಮೇಲ್ಮನವಿ.

ಉಗ್ರಾಣದ ಗುಮಾಸ್ತರ ಆಯ್ಕೆ ಪರೀಕ್ಷೆಯಲ್ಲಿ, ಒಂದು ದೋಣಿಯಲ್ಲಿ ಹನ್ನೆರಡು, ಇನ್ನೊಂದರಲ್ಲಿ ಎಂಟು ಸಿಪಾಯಿಗಳು ನದಿ ದಾಟಲು ಎಷ್ಟು ಲೈಫ್ ಜಾಕೆಟ್ ಬೇಕೆಂದು ಕೇಳಲಾಗಿತ್ತು. ಇಲಾಖೆಯ ಶ್ರಮ ಉಳಿಸಲು, ಬರುವ ಸೋಮವಾರದ ತಾಲೀಮಿನ ನಿಜವಾದ ಬೇಡಿಕೆಯನ್ನೇ ಪ್ರಶ್ನೆಯಾಗಿಸಲಾಗಿತ್ತು. ಗೋಪ್ಯತೆಗಾಗಿ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರಿಂದ, ಬಿಸಿಲಿನಿಂದ ನಡೆಯುವ ಕ್ಯಾಲ್ಕುಲೇಟರ್‌ಗಳು ಏನನ್ನೂ ತೋರಿಸಲಿಲ್ಲ. ಏನೂ ಇಲ್ಲದಿರುವುದೇ ಸೊನ್ನೆಯೆಂದು ಗ್ರಹಿಸಿ, ಅರವತ್ತರಲ್ಲಿ ಐವತ್ತೊಂಬತ್ತು ಮಂದಿ ಸೊನ್ನೆ ಬರೆದು ಶಿಸ್ತು ಮೆರೆದಿರುತ್ತಾರೆ. ಒಬ್ಬರು ಮಾತ್ರ ಇಪ್ಪತ್ತು ಎಂದು ಬರೆದಿರುತ್ತಾರೆ. ಆದ್ದರಿಂದ:

೧. ಸದರಿ ಅಭ್ಯರ್ಥಿಯು “ಮನಸ್ಸಲ್ಲಿ ಹನ್ನೆರಡು, ಕೈಯಲ್ಲಿ ಎಂಟು” ಎಂದು ಗೊಣಗಿದ ಕೂಡಲೇ ಅವರ ಕೈಗಳನ್ನು ಶೋಧಿಸಲಾಯಿತು. ಎಂಟು ಸಿಗಲಿಲ್ಲ, ಬೆರಳುಗಳು ಹತ್ತು ಸಿಕ್ಕವು. ಮನಸ್ಸನ್ನು ಶೋಧಿಸುವ ಉಪಕರಣ ಮಂಜೂರಾಗದ ಕಾರಣ, ಹನ್ನೆರಡನ್ನು ಅಲ್ಲಿಯೇ ಬಚ್ಚಿಟ್ಟಿರುವರೆಂದು ತೀರ್ಮಾನಿಸಿ ಅವರನ್ನು ಅನರ್ಹಗೊಳಿಸಲಾಗಿದೆ.

೨. ಒಂಬತ್ತಕ್ಕಿಂತ ದೊಡ್ಡ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವವರು ಪೂರ್ವಾನುಮತಿ ಪಡೆಯತಕ್ಕದ್ದು. ಮಗ್ಗಿ ಬಲ್ಲವರು ವಾರದೊಳಗೆ ಮರೆತು, ಮರೆತ ಬಗ್ಗೆ ಪ್ರಮಾಣಪತ್ರ ಸಲ್ಲಿಸತಕ್ಕದ್ದು.

೩. ಕವಾಯತಿನಲ್ಲಿ ಒಂದರ ನಂತರ ಎರಡು ಬರುವುದೆಂದು ಕ್ಯಾಲ್ಕುಲೇಟರಿನಲ್ಲಿ ಖಚಿತಪಡಿಸಿಕೊಳ್ಳುವ ತನಕ ಎತ್ತಿದ ಕಾಲನ್ನು ಇಳಿಸುವಂತಿಲ್ಲ.

೪. ಬಹುಮತವನ್ನು ಮನ್ನಿಸಿ ಸೊನ್ನೆ ಜಾಕೆಟ್‌ಗಳನ್ನು ಬಿಡುಗಡೆ ಮಾಡಲಾಗಿದೆ. ಅವೆಲ್ಲವೂ ಸುಸ್ಥಿತಿಯಲ್ಲಿವೆ.

೫. ಮೇಲ್ಮನವಿಯಲ್ಲಿ ಅಭ್ಯರ್ಥಿಯು, “ಸಾಹೇಬ್ರೇ, ಕೆಲಸ ಕೊಡದಿದ್ರೆ ಬೇಡ. ಎರಡನೇ ದೋಣೀಲಿ ನಮ್ಮಣ್ಣ ಇದಾನೆ, ಅವನಿಗೆ ಈಜು ಬರಲ್ಲ. ನಿಮ್ಮ ದಮ್ಮಯ್ಯ, ಇನ್ನೊಂದ್ಸಲ ಕೂಡಿ ನೋಡಿ, ಬೆರಳಲ್ಲಾದ್ರೂ ಎಣಿಸಿ” ಎಂದಿರುತ್ತಾರೆ. ಬೆರಳೆಣಿಕೆಗೆ ಪ್ರಚೋದಿಸುವ ಕೊನೆಯ ವಾಕ್ಯವನ್ನು ಓದಿಲ್ಲವೆಂದು ಭಾವಿಸಲಾಗಿದೆ. ಉಳಿದದ್ದನ್ನು ದೋಣಿಗಳು ಮರಳಿದ ಮೇಲೆ, ಮರಳಿದವರ ಸಂಖ್ಯೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು.

೬. ನದಿಗೆ ಕೂಡುವುದು ಬಾರದು, ಕಳೆಯುವುದಷ್ಟೇ ಗೊತ್ತು ಎಂಬ ವದಂತಿಗೆ ಸಿಬ್ಬಂದಿಯು ಕಿವಿಗೊಡಬಾರದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/- (ಅಸ್ಪಷ್ಟ)
ಉಪನಿರ್ದೇಶಕರ ಪರವಾಗಿ, ಅವರ ರಜೆಯ ನಿಮಿತ್ತ ಇನ್ನೊಬ್ಬರು

ಪ್ರತಿಗಳು:
೧. ಉಗ್ರಾಣಾಧಿಕಾರಿ: ಜಾಕೆಟ್‌ಗಳಿಗೆ ಧೂಳು ತಗುಲದಂತೆ ನೋಡಿಕೊಳ್ಳಲು.
೨. ದರ್ಜಿ: ಮಗಳ ಬೆರಳುಗಳ ಮೇಲೆ ನಿಗಾ ಇಡಲು.
೩. ಎರಡನೇ ದೋಣಿಯ ಸಿಪಾಯಿ: ತಂಗಿಯ ನಡತೆಯ ಬಗ್ಗೆ ಮಂಗಳವಾರ ಖುದ್ದಾಗಿ ಹಾಜರಾಗಿ ವಿವರಣೆ ನೀಡಲು.