ಕ್ಷೌರಿಕನು ಜಪಾನಿನ ಚಾಕು ಕೊಂಡದ್ದು

ಇಪ್ಪತ್ತೆಂಟು ವರ್ಷ ಊರಿನವರ ಗಲ್ಲದ ಮೇಲೆ ಕತ್ತಿ ಆಡಿಸಿಯೂ ಒಂದು ಹನಿ ರಕ್ತ ಬರಿಸದ ಕ್ಷೌರಿಕ, ಆ ಭಾನುವಾರ ಫೋನಿನಲ್ಲಿ ಭೀಷ್ಮಪ್ರತಿಜ್ಞೆ ಮಾಡಿದ.

"ನಾಳೆಯಿಂದ ಹೋಟೆಲ್ ಊಟ ಬಂದ್! ಅಡುಗೆ ನಾನೇ ಮಾಡ್ತೀನಿ!"

ಆ ಕಡೆ ಹೆಂಡತಿ ಕಿಸಕ್ಕೆಂದಳು. ಅವಳು ನರ್ಸು. ದೂರದ ಆಸ್ಪತ್ರೆಗೆ ವರ್ಗವಾಗಿ ಎಂಟು ತಿಂಗಳಾಗಿತ್ತು.

"ರೀ, ಒಂದು ಈರುಳ್ಳಿ ಹೆಚ್ಚಿದೀರಾ ಯಾವತ್ತಾದ್ರೂ?"

"ಕೂದಲೆಳೆ ಸೀಳೋ ಕೈ ಕಣೇ ಇದು! ಈರುಳ್ಳಿ ಯಾವ ಗಿಡದ ತೊಪ್ಪಲು?"

"ಸರಿ ಸರಿ, ವಾರ್ಡಲ್ಲಿ ಕರೀತಿದಾರೆ." ಫೋನು ಕಟ್ಟಾಯಿತು. ಇನ್ನು ಆ ಮನೆಯಲ್ಲಿ ಮಾತು ಕೇಳಬೇಕೆಂದರೆ ಪಕ್ಕದ ಮನೆಯವರು ಟಿವಿ ಹಾಕಬೇಕು!

ಮನೆಯಲ್ಲಿದ್ದ ಒಂದೇ ಚಾಕುವನ್ನು ಅವಳು ಹೋಗುವಾಗ ಒಯ್ದಿದ್ದಳು. ಸೋಮವಾರ ಕ್ಷೌರದಂಗಡಿಗೆ ರಜೆ. ಬೆಳಿಗ್ಗೆಯೇ ಪಾತ್ರೆ ಅಂಗಡಿಗೆ ಹೋಗಿ, "ಜಪಾನಿನ ಚಾಕು ತೋರ್ಸಿ!" ಎಂದು ಗದ್ದುಗೆಯೇರಿದ ರಾಜನಂತೆ ಆಜ್ಞಾಪಿಸಿದ.

ಅಂಗಡಿಯಾಕೆ ಮೊದಲು ತೋರಿಸಿದ್ದು ಪದರ ಪದರವಾಗಿ ಅಲೆಗಳಿದ್ದ ಚಾಕು. ಬೆಲೆ ಕೇಳಿ ಕ್ಷೌರಿಕ ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ವಾಪಸು ಕೊಟ್ಟ. ಅದನ್ನು ಕೊಂಡರೆ ಹೆಚ್ಚಲು ತರಕಾರಿ ಕೊಳ್ಳುವ ಯೋಗ್ಯತೆ ಉಳಿಯುತ್ತಿರಲಿಲ್ಲ! ಎರಡನೆಯದು ಅಗ್ಗ. ಆದರೆ ಒರೆಸದೆ ಇಟ್ಟರೆ ತುಕ್ಕು ಹಿಡಿಯುವ ಜಾತಿ.

"ಇದು ತಗೊಳ್ಳಿ. ಸಾಂತೊಕು ಅಂತಾರೆ. ಮಾಂಸ, ಮೀನು, ತರಕಾರಿ, ಮೂರಕ್ಕೂ ಇದೊಂದೇ. ತುಕ್ಕಿಲ್ಲ, ಬೆಲೆನೂ ಕೈಗೆಟುಕುತ್ತೆ."

ಕ್ಷೌರಿಕ ಮುಂಗೈ ಮೇಲೆ ಅಲಗು ಎಳೆದು ನೋಡಿದ. ರೋಮ ಸದ್ದಿಲ್ಲದೆ ಉದುರಿತು. ಆಹಾ!

"ಎರಡು ಅಳತೇಲಿದೆ. ಮನೇಲಿ ಎಷ್ಟು ಜನ?"

"ನಾನೊಬ್ನೇ."

"ಹಾಗಾದ್ರೆ ಚಿಕ್ಕದು ಸಾಕು."

ಅಲಗಿಗಿಂತ ಆ ಮಾತು ಹರಿತವಾಗಿತ್ತು. "ದೊಡ್ಡದೇ ಕೊಡಿ!" ಎಂದ.

"ಬೆರಳು ಒಳಗೆ ಮಡಚ್ಕೊಂಡು ಹೆಚ್ಚಿ."

"ಅಮ್ಮಾ, ನನಗೇ ಅಲಗಿನ ಪಾಠವಾ!"

ಮನೆಗೆ ಬಂದು ಈರುಳ್ಳಿ ಹೆಚ್ಚಲು ನಿಂತ. ಏನು ಚಾಕು! ಏನು ಕೈಚಳಕ! ಚೂರುಗಳು ಎಷ್ಟು ತೆಳುವೆಂದರೆ ಅವುಗಳ ಮೂಲಕ ಪತ್ರಿಕೆ ಓದಬಹುದಿತ್ತು. ಒಂದು ಮುಗಿಯಿತು, ಎರಡು ಮುಗಿಯಿತು. ಒಬ್ಬನ ಊಟಕ್ಕೆ ಒಂದೇ ಹೆಚ್ಚಾಗಿತ್ತು, ಆದರೆ ಸಾಕು ಎನ್ನಲು ಅಲ್ಲಿ ಯಾರಿದ್ದರು? ಒಂಬತ್ತನೆಯದು ಹೂವಿನಂತೆ ಅರಳಿ ಬಿದ್ದಾಗ ಅವನಿಗೆ ತಡೆಯಲಾಗಲಿಲ್ಲ.

"ನೋಡೇ ಇಲ್ಲಿ!" ಎಂದು ಹಿಂದಕ್ಕೆ ತಿರುಗಿದ.

ಹಿಂದೆ ಬಾಗಿಲಷ್ಟೇ ಇತ್ತು. ಅವನು ತಿರುಗಿದ, ಚಾಕು ತಿರುಗಲಿಲ್ಲ. ಎಡಗೈ ತೋರುಬೆರಳಿನ ತುದಿ ಸೀಳಿತು.

ಒಂದೇ ಕೈಯಲ್ಲಿ ಬ್ಯಾಂಡೇಜ್ ಕಟ್ಟುವುದೆಂದರೆ ಹಗ್ಗದ ಮೇಲೆ ನಡೆದಂತೆ. ಹಲ್ಲಿನಿಂದ ಎಳೆದು, ಮಂಡಿಯಲ್ಲಿ ಒತ್ತಿ, ಹೇಗೋ ಕಟ್ಟಿದ. ಬೆರಳು ಗದೆಯಾಯಿತು!

ಮರುದಿನ ಮೊದಲ ಗಿರಾಕಿ, ಒಂದು ಕೆನ್ನೆಗೆ ನೊರೆ ಹಚ್ಚಿಸಿಕೊಂಡಿದ್ದವರು, ಕನ್ನಡಿಯಲ್ಲಿ ಗದೆ ಕಂಡರು.

"ಏನಪ್ಪಾ ಅದು?"

"ಏನಿಲ್ಲ ಸ್ವಾಮಿ, ಚಾಕು ತಾಗ್ತು."

ಅವರು ನೊರೆಯ ಸಮೇತ ಎದ್ದು ಪಕ್ಕದ ಕುರ್ಚಿಗೆ ವಲಸೆ ಹೋದರು! ಮಧ್ಯಾಹ್ನಕ್ಕೆ ಬೀದಿಯಲ್ಲಿ ಸುದ್ದಿ: ಕ್ಷೌರಿಕನ ಕೈ ನಡುಗುತ್ತದಂತೆ. ಸಂಜೆಗೆ ಎರಡು ಬೆರಳೇ ಹೋದವಂತೆ. ಬುಧವಾರ ಯಾರದೋ ಕಿವಿಯೂ ಹೋಗಿತ್ತು! ಆ ಕಿವಿ ಯಾರದೆಂದು ವಿಚಾರಿಸಲು ಮೂವರು ಬಂದರು. ಕೂದಲು ಕತ್ತರಿಸಿಕೊಳ್ಳಲು ಅವನ ಕುರ್ಚಿಯಲ್ಲಿ ಒಬ್ಬರೂ ಕೂರಲಿಲ್ಲ.

ಎರಡನೆಯ ಕುರ್ಚಿಯ ಪಾಲುದಾರ ಬೆವರೊರೆಸಿಕೊಳ್ಳುತ್ತ ಹೇಳಿದ: "ತನ್ನ ಬೆರಳೇ ಉಳಿಸ್ಕೊಳ್ಳದೋನ ಕೈಗೆ ಕುತ್ತಿಗೆ ಯಾರಪ್ಪಾ ಕೊಡ್ತಾರೆ? ಹೋಗು ಮಾರಾಯ, ವಾಸಿಯಾಗೋವರೆಗೂ ಮನೇಲಿರು."

ಕೊಡಬಾರದ ಶಿಕ್ಷೆಯೆಂದರೆ ಅದೇ. ಅಂಗಡಿಯಲ್ಲಾದರೂ ನಾಲ್ಕು ಮಾತಿರುತ್ತಿತ್ತು. ಮನೆಯಲ್ಲಿ ಕುಳಿತು ಬೆರಳು ನೋಡಿದ. ಬೆರಳು ಅವನನ್ನು ನೋಡಿತು. ಕೊನೆಗೆ ಹೆಂಡತಿಗೆ ವಿಡಿಯೋ ಕರೆ ಮಾಡಿ, ಗದೆಯನ್ನು ಕ್ಯಾಮೆರಾದ ಮುಂದೆ ಹಿಡಿದು ಎಲ್ಲವನ್ನೂ ಒಪ್ಪಿಕೊಂಡ. ಮುಖವನ್ನು ಆದಷ್ಟು ಬಾಡಿಸಿಕೊಂಡೇ ಒಪ್ಪಿಕೊಂಡ. ಈ ಗಾಯ ಕಂಡರೆ ಕಲ್ಲೂ ಮುಂದಿನ ಬಸ್ಸು ಹತ್ತೀತು ಎಂಬುದು ಅವನ ಲೆಕ್ಕ.

"ಇದ್ಯಾರು ಕಟ್ಟಿದ್ದು? ಬಿಚ್ಚಿ ತೋರ್ಸಿ. ಬೆರಳು ಮಡಚಿ. ಹ್ಞಾಂ, ಬಿಡಿ." ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಅವನು ಉಸಿರು ಬಿಗಿಹಿಡಿದ.

"ಬಚಾವಾದ್ರಿ! ಒಳ್ಳೇ ಹರಿತದ ಚಾಕು, ನೀಟಾಗಿ ಸೀಳಿದೆ. ಹೊಲಿಗೆ ಬೇಡ, ಏನೂ ಬೇಡ. ವಾರದಲ್ಲಿ ಕೂಡ್ಕೊಳ್ಳುತ್ತೆ. ಮೊಂಡು ಚಾಕು ಆಗಿದ್ದಿದ್ರೆ ಚರ್ಮ ಜಜ್ಜಿ, ಕೀವಾಗಿ, ನಾನೇ ರಜಾ ಹಾಕಿ ಓಡಿ ಬರಬೇಕಿತ್ತು!"

ಅಲಗಿನ ವಿಷಯದಲ್ಲಿ ಜೀವಮಾನದಲ್ಲಿ ಯಾರನ್ನೂ ಏನೂ ಕೇಳದಿದ್ದ ಕ್ಷೌರಿಕ ಮೆಲ್ಲಗೆ ಕೇಳಿದ:

"ಮೊಂಡು ಅಂದ್ರೆ... ಎಷ್ಟು ಮೊಂಡಿರಬೇಕಿತ್ತು ಕಣೇ?"