ನವಿಲುತೀರ್ಥದಲ್ಲಿ ವರಪರೀಕ್ಷೆ

ಮಲಪ್ರಭೆ ಯಾತಕ್ಕೆ ಹರಿಯುತ್ತಾಳೆ ಎಂದು ಯಾರನ್ನಾದರೂ ಕೇಳಿ. ಹೊಲಕ್ಕೆ ಅನ್ನುತ್ತಾರೆ, ಕುಡಿಯುವುದಕ್ಕೆ ಅನ್ನುತ್ತಾರೆ. ನಮ್ಮ ಅತ್ತೆಯನ್ನು ಕೇಳಿದ್ದರೆ ಮಾತ್ರ, ನನಗೆ ಗಂಡು ನೋಡುವುದಕ್ಕೆ ಅನ್ನುತ್ತಿದ್ದಳು. ಎಲ್ಲೋ ಕಾಡಿನಲ್ಲಿ ಹುಟ್ಟಿ, ಅಷ್ಟು ದೂರ ಹರಿದು ಬಂದು, ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವೆ ಬಂಡೆ ಕೊರೆದು ಆ ಹೊಳೆ ದಾರಿ ಮಾಡಿಕೊಂಡದ್ದು ಬೈಲಹೊಂಗಲದ ಒಬ್ಬ ಹುಡುಗಿಯ ಲಗ್ನ ಸುಸೂತ್ರವಾಗಿ ಆಗಲಿ ಎಂದು!

ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಗಂಡನ ತಾಯಿ ಸಿಗಬೇಕಾದರೆ ಮೊದಲು ಗಂಡ ಸಿಗಬೇಕಲ್ಲ? ಅದಕ್ಕೆ ಅಡ್ಡ ನಿಂತವಳೇ ಈಕೆ. ಮನೆ ನಮ್ಮ ಪಕ್ಕದ ಓಣಿಯಲ್ಲಿ. ಆದರೂ ಅವಳು ತನ್ನ ಅಡುಗೆಮನೆಯಲ್ಲಿ ಮಾತಾಡಿದರೆ ನಮ್ಮ ಅಡುಗೆಮನೆಯಲ್ಲಿ ಅವ್ವ ಹೂಂಗುಟ್ಟುತ್ತಾಳೆ. ಮಾತು ಅವಳಿಗೆ ಉಸಿರಿದ್ದ ಹಾಗೆ, ನಡುವೆ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಅವಳ ಗಂಡ, ನಮ್ಮ ಮಾಮಾ, ಪೇಟೆಯಲ್ಲಿ ಎತ್ತಿನ ಹಗ್ಗ ಕಣ್ಣಿ ಮಾರುವ ಅಂಗಡಿ ಇಟ್ಟವರು. ಗಿರಾಕಿ ಬಂದರೆ ಹಗ್ಗ ತೋರಿಸುತ್ತಾರೆ, ಬೆಲೆ ಹೇಳುತ್ತಾರೆ. ಅವರ ದಿನದ ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಕನ್ಯಾ ನೋಡುವ ಪದ್ಧತಿ ನಿಮಗೆ ಗೊತ್ತಲ್ಲ. ಗಂಡಿನ ಕಡೆಯವರು ಮನೆಗೆ ಬರುತ್ತಾರೆ. ಪಡಸಾಲೆಯಲ್ಲಿ ಜಮಖಾನೆ ಹಾಸುತ್ತಾರೆ. ಹುಡುಗಿ ತಲೆ ತಗ್ಗಿಸಿ ಉಪ್ಪಿಟ್ಟು ತರುತ್ತಾಳೆ, ಹುಡುಗ ತಲೆ ತಗ್ಗಿಸಿ ಅದನ್ನು ತಿನ್ನುತ್ತಾನೆ. ಇಬ್ಬರೂ ಪರಸ್ಪರರಿಗಿಂತ ಜಮಖಾನೆಯನ್ನೇ ಹೆಚ್ಚು ನೋಡಿರುತ್ತಾರೆ. ಇಷ್ಟರ ಮೇಲೆ ಒಂದು ಜನ್ಮದ ತೀರ್ಮಾನ. ಅತ್ತೆ ಇದನ್ನು ಒಪ್ಪುವವಳಲ್ಲ.

"ಮನ್ಯಾಗ ಕುಂತಾಗ ಎಲ್ಲಾರೂ ದೇವರಂಥಾವರ," ಅಂದಳು ನಮ್ಮಪ್ಪನಿಗೆ. "ಶಿರಾ ತಿನ್ನೂ ಮುಂದ ಯಾಂವ ಕೆಟ್ಟಾಂವ ಇರತಾನೋ ತಮ್ಮಾ? ಹೊಳಿಗೆ ಕರಕೊಂಡ ಬರ್ರಿ. ಇಳಿಯೂದ ನೋಡೂಣು, ಏರೂದ ನೋಡೂಣು. ಆಮ್ಯಾಲೆ ಮಾತ."

ನವಿಲುತೀರ್ಥದಲ್ಲಿ ಅಣೆಕಟ್ಟಿನ ಕೆಳಗೆ ತೋಟವಿದೆ. ಕುಟುಂಬದವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಮಕ್ಕಳು ಓಡಾಡುತ್ತವೆ, ನೀರು ನೋಡಲೆಂದು ಜನ ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಇಳಿದು ಏದುಸಿರು ಬಿಡುತ್ತ ಏರುತ್ತಾರೆ. ಅತ್ತೆಯ ಪರೀಕ್ಷೆ ಆ ಏರಿನಲ್ಲಿ. ಪ್ರಶ್ನೆ ಒಂದೇ: ಮುಂದೆ ಹೋಗುವ ಗಂಡಸು ತನ್ನ ಹಿಂದೆ ಬರುವವರನ್ನು ಒಮ್ಮೆಯಾದರೂ ತಿರುಗಿ ನೋಡುತ್ತಾನೋ ಇಲ್ಲವೋ? ನೋಡಿದರೆ ಪಾಸು. ಇಲ್ಲದಿದ್ದರೆ ಅವನು ಜಿಲ್ಲಾಧಿಕಾರಿಯೇ ಆಗಿರಲಿ, ಬುತ್ತಿ ಉಂಡು ಮನೆಗೆ ಹೋಗಬಹುದು.

ಈ ಪ್ರಶ್ನೆ ಎಲ್ಲಿಂದ ಬಂತು ಎಂಬುದು ಗುಟ್ಟೇನಲ್ಲ. ಮದುವೆಯಾದ ಹೊಸದರಲ್ಲಿ ಮಾಮಾ ಅವಳನ್ನು ಇಲ್ಲಿಗೇ ಕರೆತಂದಿದ್ದರಂತೆ. ಏರುವಾಗ ಅತ್ತೆಯ ಚಪ್ಪಲಿ ಕಿತ್ತಿತು. ಮಾಮಾ ತಿರುಗಿ ನೋಡದೆ ನೇರ ಹೋಗಿ ಬಸ್ಸು ಹತ್ತಿ ಕೂತಿದ್ದರು. ಅತ್ತೆ ಕೈಯಲ್ಲಿ ಚಪ್ಪಲಿ ಹಿಡಿದು ಬಸ್ಸು ಹತ್ತಿದಾಗ ಪಕ್ಕದ ಸೀಟಿನ ಮೇಲೆ ಟಾವೆಲ್ಲು ಹಾಕಿ ಜಾಗ ಹಿಡಿದಿದ್ದರು. ಅಂದಿನಿಂದ ಇಂದಿನವರೆಗೆ ಎಲ್ಲಿ ಹೋದರೂ ಮಾಮಾ ಮುಂದೆ, ಅತ್ತೆ ಹಿಂದೆ. ಈ ಕತೆಯನ್ನು ಅವಳು ಪ್ರತಿ ಸಲ ಅದೇ ಏರಿನಲ್ಲಿ, ಮಾಮಾನ ಬೆನ್ನಿಗೆ ಕೇಳುವಂತೆ ಹೇಳುತ್ತಿದ್ದಳು. ಗೇಟು ಬಿಟ್ಟು ನೀರು ಭೋರ್ಗರೆಯುತ್ತಿದ್ದರೂ ಅವಳ ದನಿ ಅದರ ಮೇಲೆ ಸವಾರಿ ಮಾಡುತ್ತಿತ್ತು. ಬೆನ್ನು ಏನೂ ಅನ್ನುತ್ತಿರಲಿಲ್ಲ.

"ಲಗ್ನಾದಾಗಿಂದ ನಾ ಬರೇ ಬೆನ್ನ ನೋಡೇನಿ," ಎಂದು ನನಗೆ ಹೇಳುತ್ತಿದ್ದಳು. "ನಿನಗ ಮಾರಿ ನೋಡಾಕ ಸಿಗಬೇಕು. ಅಷ್ಟ ನನ್ನ ಹಟಾ."

ಹೀಗೆ ಹೇಳಿದರೆ ಯಾರು ತಾನೇ ಎದುರು ಮಾತಾಡುತ್ತಾರೆ? ನಾನೂ ಬುತ್ತಿ ಹೊತ್ತು ಹೊರಟೆ.

ಮೊದಲು ಬಂದವನು ಕಿತ್ತೂರಿನವನು. ಹೈವೇ ಮೇಲೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಕಣ್ಣಿಗೆ ಕಪ್ಪು ಕನ್ನಡಕ. ನೀರು ಕಂಡದ್ದೇ ಅದಕ್ಕೆ ಬೆನ್ನು ಮಾಡಿ ನಿಂತು ಫೋನು ಎತ್ತಿದ. ಪಾಪ, ಅವನ ತಾಯಿ ಭಾರದ ಚೀಲ ಹಿಡಿದು ಬಂಡೆಯಿಂದ ಬಂಡೆಗೆ ದಾಟುತ್ತ ಅವನ ಹಿಂದೆಯೇ ಬಂದರು.

"ಅವ್ವಾ, ಸ್ವಲ್ಪ ಆಕಡೆ ಸರಿ. ಫೋಟೋದಾಗ ಬರಾಕತ್ತಿ," ಅಂದ.

ಅತ್ತೆ ಬುತ್ತಿಯ ಗಂಟು ಬಿಚ್ಚುತ್ತಿದ್ದವಳು ಮತ್ತೆ ಕಟ್ಟತೊಡಗಿದಳು. "ಇವತ್ತ ತಾಯಿನ್ನ ಫೋಟೋದಿಂದ ಸರಸ್ಯಾನ, ನಾಳೆ ನಿನ್ನ ಮನಿಯಿಂದ ಸರಸ್ತಾನ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅವಳ ಪಿಸುಮಾತು ಆಚೆ ದಂಡೆಗೂ ಕೇಳುತ್ತದೆ. ಆ ಸಂಬಂಧ ಅಲ್ಲಿಗೇ ಹೊಳೆಯ ಪಾಲಾಯಿತು.

ಎರಡನೆಯವನು ಸವದತ್ತಿಯವನು, ಇಂಜಿನಿಯರ್. ಇಷ್ಟರಲ್ಲಿ ಅತ್ತೆಯ ಪರೀಕ್ಷೆಯ ಸುದ್ದಿ ನಾಲ್ಕೂ ತಾಲ್ಲೂಕುಗಳಲ್ಲಿ ಹಬ್ಬಿತ್ತು ಎಂದು ಕಾಣುತ್ತದೆ. ಹುಡುಗ ಏರು ಶುರುವಾದದ್ದೇ ತಿರುಗಿ ನೋಡಿದ. ಅತ್ತೆಯ ಮುಖ ಅರಳಿತು. ಎರಡು ಹೆಜ್ಜೆ ಇಟ್ಟು ಮತ್ತೆ ತಿರುಗಿದ. ಮತ್ತೆ ಎರಡು ಹೆಜ್ಜೆ, ಮತ್ತೆ ತಿರುಗಿದ, ಈ ಸಲ ನಕ್ಕ. ಕೊನೆಗೆ ಮುಂದಿನ ದಾರಿಯನ್ನು ನೋಡುವುದನ್ನೇ ಬಿಟ್ಟು ಹಿಮ್ಮುಖವಾಗಿಯೇ ಏರತೊಡಗಿದ. ಹಿಂದೆ ಜಾಲಿ ಕಂಟಿ ಇತ್ತು. ನಾವೆಲ್ಲ ಕೂಗುವಷ್ಟರಲ್ಲಿ ಅದರಲ್ಲಿ ಕುಳಿತೇಬಿಟ್ಟ. ಅವನ ಪ್ಯಾಂಟಿನ ಮುಳ್ಳು ಕೀಳುವ ಕೆಲಸ ಮಾಮಾನ ಪಾಲಿಗೆ ಬಂತು. ಅವರು ಹಗ್ಗ ಬಿಚ್ಚುವಷ್ಟೇ ತಾಳ್ಮೆಯಿಂದ ಒಂದೊಂದಾಗಿ ಕಿತ್ತರು.

"ಪಾಸಾಗ್ಯಾನಲ್ಲ ಅತ್ತಿ?" ಎಂದು ಕೇಳಿದೆ.

"ಕಾಪಿ ಹೊಡದ ಪಾಸಾಗಾಂವ," ಅಂದಳು ಅತ್ತೆ. "ಕಲಿಸಿ ಕಳಿಸ್ಯಾರ. ಬ್ಯಾಡ."

ನನ್ನ ವಯಸ್ಸೇನೂ ನಿಂತಿರಲಿಲ್ಲ. ಜೊತೆಯ ಗೆಳತಿಯರ ಮಕ್ಕಳು ಸಾಲಿಗೆ ಹೋಗತೊಡಗಿದ್ದವು. ಸುಳ್ಳೇಕೆ ಹೇಳಲಿ, ನನಗೂ ಒಂದು ಮನೆ, ಜೊತೆಗೊಬ್ಬ ಮನುಷ್ಯ ಬೇಕೆನಿಸಿತ್ತು. ಆಗ ರಾಮದುರ್ಗದಿಂದ ಒಂದು ಸಂಬಂಧ ಬಂತು. ಅವ್ವ ದೇವರ ಮುಂದೆ ದೀಪ ಹಚ್ಚಿ, "ಈ ಸಲ ಹುಡುಗನ ಫೋಟೋನರ ಮೊದಲ ತರಸೂಣು," ಅಂದಳು.

"ಎತ್ತ ತರೂ ಮುಂದ ಫೋಟೋ ನೋಡಿ ತರತಾರೇನ?" ಅಂದಳು ಅತ್ತೆ. ಫೋಟೋ ಬರಲಿಲ್ಲ. ನಡುವಿನವರು ಹೇಳಿದ್ದು ಇಷ್ಟೇ: ಬಿಳಿ ಕಾರು, ಹುಡುಗ ತೆಳ್ಳಗೆ, ಜೊತೆಗೆ ತಂದೆ ತಾಯಿ ಮತ್ತು ಮನೆಯ ಹಿರಿಯರು. ತೋಟದ ಮರದ ಕೆಳಗೆ ಸಿಗುತ್ತಾರೆ.

ನಾವು ಹೋದಾಗ ಮರದ ಕೆಳಗೆ ಒಂದು ಕುಟುಂಬ ಕೂತಿತ್ತು. ಬಿಳಿ ಕಾರು, ತೆಳ್ಳಗಿನ ಹುಡುಗ, ತಂದೆ, ತಾಯಿ, ಜೊತೆಗೆ ಬೊಚ್ಚುಬಾಯಿಯ ಒಬ್ಬ ಆಯಿ, ಎಂದರೆ ಹುಡುಗನ ಅಜ್ಜಿ. ಅತ್ತೆ ದೂರದಿಂದಲೇ, "ಬರ್ರಿ ಬರ್ರಿ, ತಡಾ ಆತೇನ್ರಿ? ಕುಂಡರ್ರಿ, ಮೊದಲ ಊಟಾ ಮಾಡೂಣು," ಅಂದಳು. ಅವರು, "ಬರ್ರಿ ಬರ್ರಿ," ಅಂದರು. ನಮ್ಮ ಕಡೆಯವರ ಮಾತೇ ಹೀಗೆ. ಉಣ್ಣಲು ಕರೆದವರನ್ನು ನೀವು ಯಾರು ಎಂದು ಕೇಳುವುದು ಎಂಥ ಅಗೌರವ! ಮೊದಲು ಉಣ್ಣಬೇಕು, ಆಮೇಲೆ ಗುರುತು ಎಲ್ಲಿಗೆ ಹೋಗುತ್ತದೆ?

ಬುತ್ತಿಗಳು ಬಿಚ್ಚಿದವು. ನಮ್ಮ ಎಣಗಾಯಿ ಅವರ ರೊಟ್ಟಿಯ ಮೇಲೆ ಬಿತ್ತು, ಅವರ ಶೇಂಗಾ ಹೋಳಿಗೆ ನಮ್ಮ ತಟ್ಟೆಗೆ ಬಂತು. ಆಯಿ ಊಟದ ನಡುವೆಯೇ ನಮ್ಮ ಬಳಗವನ್ನೆಲ್ಲ ಕೆದಕಿ, ಮುರಗೋಡದ ಯಾವುದೋ ಸೊಸೆಯ ಕಡೆಯಿಂದ ಒಂದು ದೂರದ ನಂಟನ್ನೂ ಹುಡುಕಿ ತೆಗೆದರು. ತಮ್ಮ ಊರು ಚಚಡಿ ಅಂದರು. ರಾಮದುರ್ಗ ಅಲ್ಲವೇ ಎಂದು ನಾನು ಹುಬ್ಬೇರಿಸಿದೆ. "ಮೂಲ ಚಚಡಿ ಇರಬೇಕು," ಎಂದು ಅತ್ತೆ ನನ್ನ ಹುಬ್ಬನ್ನು ಕಣ್ಣಿನಿಂದಲೇ ಇಳಿಸಿದಳು.

ಊಟವಾದ ಮೇಲೆ ನೀರಿಗಿಳಿದು ಮತ್ತೆ ಏರುವ ಹೊತ್ತು ಬಂತು. ಮಾಮಾ ಎಂದಿನಂತೆ ಎಲ್ಲರಿಗಿಂತ ಮುಂದೆ. ಅತ್ತೆಯ ಕಣ್ಣು ಮಾತ್ರ ಹುಡುಗನ ಕಾಲ ಮೇಲೆ. ಆದರೆ ಹುಡುಗ ಮುಂದೆ ಹೋಗಲೇ ಇಲ್ಲ. ಆಯಿಯನ್ನು ಮುಂದೆ ಬಿಟ್ಟು, ತಾನು ಒಂದು ಹೆಜ್ಜೆ ಹಿಂದೆ, ಅವರ ಬೆನ್ನಿಗೆ ಅಂಗೈ ಹಿಡಿದುಕೊಂಡು ಏರುತ್ತಿದ್ದ.

ಅತ್ತೆ ಕಕ್ಕಾಬಿಕ್ಕಿಯಾದಳು. ಈ ಉತ್ತರ ಅವಳ ಪ್ರಶ್ನೆಪತ್ರಿಕೆಯಲ್ಲೇ ಇರಲಿಲ್ಲ. "ನೀವ್ಯಾಕ ಮುಂದ ಹೋಗೂದಿಲ್ರಿ?" ಎಂದು ಕೇಳಿಯೇಬಿಟ್ಟಳು.

"ಮುಂದ ಹ್ವಾದ್ರ ಆಯಿ ಬಿದ್ದದ್ದು ಗೊತ್ತಾಗೂದಿಲ್ರಿ," ಅಂದ ಹುಡುಗ. "ಹಿಂದಿದ್ರ ಹಿಡಿಬಹುದು."

ಅತ್ತೆ ಅಲ್ಲೇ ನಿಂತಳು. ಹುಡುಗನ ತಾಯಿಯ ಎರಡೂ ಕೈ ಹಿಡಿದು, "ನಮಗ ಒಪ್ಪಿಗಿ ಐತ್ರಿ," ಅಂದಳು.

ಆ ತಾಯಿ ಕೈ ಬಿಡಿಸಿಕೊಳ್ಳದೆ ಬಹಳ ಮರ್ಯಾದೆಯಿಂದ ಕೇಳಿದರು: "ಯಾತಕ್ರಿ?"

ಅದೇ ಹೊತ್ತಿಗೆ ಮೇಲೆ ಮಾಮಾನ ಫೋನು ರಿಂಗಾಯಿತು. "ಹಾಂ, ನವಿಲತೀರ್ಥದಾಗ ಅದೇವ್ರಿ... ಇಲ್ರಿ, ನಮ್ಮ ಬೀಗರು ಬಂದಾರ, ಅವರ ಜೋಡಿ ಊಟಾ ಆತ್ರಿ." ಫೋನಿಗೆ ಕೈ ಅಡ್ಡ ಹಿಡಿದು, ತಿರುಗದೆಯೇ ನಮಗೆ ಹೇಳಿದರು: "ರಾಮದುರ್ಗದವರಂತ. ಮುಂಜಾನಿಂದ ತ್ವಾಟದ ಗೇಟಿನ ಕಡೆ ಕುಂತಾರಂತ. ಹುಡುಗಿ ಎಲ್ಲೆದಾಳ ಅಂತ ಕೇಳಾಕತ್ತಾರ."

ಅಣೆಕಟ್ಟಿನ ಗೇಟುಗಳೆಲ್ಲ ಒಮ್ಮೆಗೇ ತೆರೆದು ನನ್ನನ್ನು ಒಯ್ದರೆ ಸಾಕು ಅನ್ನಿಸಿತು. ಚಚಡಿಯವರು ನಮ್ಮನ್ನು ನೋಡಿದರು, ನಾವು ಚಚಡಿಯವರನ್ನು ನೋಡಿದೆವು. ಯಾರೋ ಪುಣ್ಯಾತ್ಮರು ಉಣ್ಣಲು ಕರೆದರು ಎಂದು ಉಂಡಿದ್ದ ಜನ, ಪಾಪ! ಕಡೆಗೆ ಬಾಯಿ ಬಿಟ್ಟವರು ಆಯಿ.

"ತಪ್ಪಾದ್ರ ಆತ ಬಿಡವಾ," ಅಂದರು. "ನಮ್ಮ ಹುಡುಗಗೂ ಕನ್ಯಾ ನೋಡಾಕತ್ತೇವಿ. ಎಣಗಾಯಿ ಚಲೋ ಆಗಿತ್ತು."

ರಾಮದುರ್ಗದವರು ಸಿಟ್ಟಾಗಿ ಹೋದರು. ಅವರನ್ನು ಸಮಾಧಾನ ಮಾಡಲು ಅಪ್ಪ ಅಲ್ಲಿಯವರೆಗೆ ಹೋಗಿ ಕೈ ಮುಗಿದು ಬಂದರು. ನಾನು ಚಚಡಿಯ ಸೊಸೆಯಾದೆ. ನಮ್ಮ ಯಜಮಾನರಿಗೆ ಇವತ್ತಿಗೂ ಒಂದು ಅನುಮಾನ ಉಳಿದಿದೆ, ತಾನು ಪಾಸಾದದ್ದೋ ನಂಬರು ಅದಲುಬದಲಾದದ್ದೋ ಎಂದು. ಎಣಗಾಯಿ ಅವ್ವ ಮಾಡಿದ್ದು ಎಂಬ ಸತ್ಯವನ್ನು ಮಾತ್ರ ನಾನು ಆಯಿಗೆ ಇನ್ನೂ ಹೇಳಿಲ್ಲ.

ಕಳೆದ ಮಳೆಗಾಲ ಡ್ಯಾಮು ತುಂಬಿ ಗೇಟು ಬಿಟ್ಟ ಸುದ್ದಿ ಬಂತು. ಅತ್ತೆ ಫೋನು ಮಾಡಿ ನಮ್ಮಿಬ್ಬರನ್ನೂ ಕರೆದಳು.

"ಈಗ ಯಾರ ಪರೀಕ್ಷಾ ಅತ್ತಿ?" ಅಂದೆ.

"ಯಾರದೂ ಇಲ್ಲ. ನೀರ ನೋಡೂಣು ಬಾ. ಇಷ್ಟ ವರ್ಷ ಹೋಗಿ ಬಂದು, ಮಂದಿ ಕಾಲ ನೋಡೂದ್ರಾಗ ನಾ ನೀರ ನೋಡೇ ಇಲ್ಲ."

ಆ ದಿನ ಅವಳು ನಿಜಕ್ಕೂ ನೀರು ನೋಡಿದಳು. ಕೆಂಪು ನೀರು ಗುಡ್ಡಗಳ ಸಂದಿಯಲ್ಲಿ ನುಗ್ಗಿ ಹೋಗುವುದನ್ನು ನೋಡುತ್ತ, ಅದರ ಬಗ್ಗೆಯೂ ನಿಲ್ಲಿಸದೆ ಮಾತಾಡಿದಳು. ಆಮೇಲೆ ಏರು. ಮಾಮಾ ಮುಂದೆ, ಬಹಳ ಮುಂದೆ. ನಂತರ ಅತ್ತೆ, ನಾನು, ಕೊನೆಯಲ್ಲಿ ಯಥಾಪ್ರಕಾರ ನಮ್ಮ ಯಜಮಾನರು. ಅತ್ತೆಯ ಬಾಯಿಯಲ್ಲಿ ಚಪ್ಪಲಿಯ ಕತೆ ಬಂದಿತ್ತು. ಚಪ್ಪಲಿ ಕಿತ್ತಿತು, ಕೈಯಲ್ಲಿ ಹಿಡಿದಳು, ಬಸ್ಸಿನ ಹತ್ತಿರ ಬಂದಳು. ಅಲ್ಲಿಗೆ ಕತೆ ನಿಂತಿತು.

ನೂರು ಸಲ ಕೇಳಿದ ಕತೆಯಾದ್ದರಿಂದ ಅದು ನಿಂತದ್ದು ನನ್ನ ಗಮನಕ್ಕೇ ಬರಲಿಲ್ಲ. ಆದರೆ ಮೇಲೆ ಮಾಮಾ ಗಕ್ಕನೆ ನಿಂತರು. ಮತ್ತು ತಿರುಗಿದರು. ತಿರುಗಿದವರೇ ಟಾವೆಲ್ಲು ಜಾರಿ ಬಿದ್ದದ್ದನ್ನೂ ನೋಡದೆ, ಆ ವಯಸ್ಸಿನಲ್ಲಿ ದಡದಡ ಇಳಿದು ಬಂದರು. ಆಗ ನೋಡಿದೆ. ಅತ್ತೆ ಬಂಡೆಗೆ ಕೈ ಊರಿ ನಿಂತಿದ್ದಳು. ಮುಖ ಬಿಳಿಚಿತ್ತು, ಬಾಯಿ ತೆರೆದಿತ್ತು, ಉಸಿರು ಸಿಕ್ಕುತ್ತಿರಲಿಲ್ಲ.

ಮಾಮಾ ಅವಳನ್ನು ಬಂಡೆಯ ಮೇಲೆ ಕೂಡಿಸಿ, ನೀರು ಕುಡಿಸಿ, ಪಕ್ಕದಲ್ಲಿ ಕೂತು ಬೆನ್ನು ಸವರಿದರು. ಏರಿನ ಆಯಾಸ ಅಷ್ಟೇ ಎಂದು ಆಮೇಲೆ ಡಾಕ್ಟರು ಹೇಳಿದರು, ಆಗ ನಮಗೇನು ಗೊತ್ತು? ಸ್ವಲ್ಪ ಹೊತ್ತಿಗೆ ಉಸಿರು ಬಂತು. ಉಸಿರು ಬಂದದ್ದೇ ಅತ್ತೆ ಕೇಳಿದಳು, "ನೀವ ಹೆಂಗ ತಿರುಗಿದ್ರಿ?"

"ಮಾತ ನಿಂತಿತು," ಅಂದರು ಮಾಮಾ.

"ಅಂದ್ರ?"

"ಯಾವಾಗ್ಲೂ ಹಿಂದ ಮಾತ ಕೇಳತಿತ್ತು. ಬರಾಕತ್ತಾಳ ಅಂತ ಗೊತ್ತಿತ್ತು. ತಿರುಗಿ ಯಾಕ ನೋಡೂದು? ಇವತ್ತ ಕೇಳಲಿಲ್ಲ."

ಮಾಮಾ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಆವತ್ತ ಚಪ್ಪಲಿ ಕಿತ್ತಾಗ?" ಅತ್ತೆಯ ದನಿ ಸಣ್ಣಗಾಗಿತ್ತು.

"ಆವತ್ತೂ ಬೈಕೋತ ಬಂದಿ. ಬಸ್ಸಿನ ತನಾ ಕೇಳಸ್ತು."

ಅತ್ತೆ ಅತ್ತಳು. ಅಷ್ಟು ವರ್ಷ ಆ ಬೆನ್ನಿಗೆ ಬೈದವಳು, ಬೆನ್ನಿಗೂ ಕಿವಿಯಿತ್ತು ಎಂದು ತಿಳಿದು ಮಕ್ಕಳಂತೆ ಅತ್ತಳು. ನಮ್ಮ ಕಣ್ಣುಗಳೂ ಒದ್ದೆಯಾದವು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇದನ್ನ ಮೊದಲ ಹೇಳಾಕ ಏನಾಗಿತ್ತು ನಿಮಗ?" ಅಂದಳು.

"ನಡುವ ಜಾಗಾ ಎಲ್ಲಿ ಬಿಟ್ಟಿ?" ಅಂದರು ಮಾಮಾ.

ಮತ್ತೆ ಏರತೊಡಗಿದೆವು, ನಿಧಾನವಾಗಿ. ಮಾಮಾ ಟಾವೆಲ್ಲು ಎತ್ತಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು, ಬೆನ್ನು ನಮ್ಮ ಕಡೆಗೇ. ಅತ್ತೆ ಬಸ್ಸಿನ ಹತ್ತಿರ ನಿಲ್ಲಿಸಿದ್ದ ಕತೆಯನ್ನು ಅಲ್ಲಿಂದಲೇ ಎತ್ತಿಕೊಂಡಳು. ಟಾವೆಲ್ಲು ಹಾಕಿದ ಸೀಟಿನ ತನಕ ಬಂದವಳು, ನನ್ನ ಕಡೆ ಒಮ್ಮೆ ನೋಡಿ, ಬೇಕೆಂದೇ ಬಾಯಿ ಮುಚ್ಚಿದಳು.

ಮಾಮಾ ತಿರುಗಿ ನೋಡಿದರು.

ಅತ್ತೆ ಏನೂ ಆಗದವಳಂತೆ ಕತೆ ಮುಂದುವರಿಸಿದಳು. ದಾರಿ ಇನ್ನೂ ಉಳಿದಿತ್ತು. ಮೇಲೆ ಮುಟ್ಟುವ ತನಕ ನಮ್ಮ ಅತ್ತೆ ಮತ್ತೆ ಮತ್ತೆ ಸುಮ್ಮನಾಗುತ್ತಿದ್ದಳು.